ರಾತ್ರಿ ಒಂಬತ್ತಕ್ಕೆ ಒಮ್ಮೆ ಹಟ್ಟಿಗೆ ಹೋಗಿ ನೋಡಿ

ಫೆಬ್ರವರಿ 19ರ ಬೆಳಗ್ಗೆ ಐದೂವರೆಗೆ ಹಾಲು ಕರೆಯಲು ಹೋದಾಗ ಗೌರಿಯ ಬಾಲದ ಹತ್ತಿರ ಏನೋ ಹೊಳೆಯಿತು. ಟಾರ್ಚ್ ಹಾಕಿದೆ. ಲೋಳೆಸರ ಮುರಿದಾಗ ಇಳಿಯುತ್ತದಲ್ಲ, ಅಂಥದ್ದೇ ತಿಳಿಯಾದ ಲೋಳೆ, ತುಂಡಾಗದೆ ನೂಲಿನ ಹಾಗೆ ಹಿಂಗಾಲಿನ ಗಂಟಿನವರೆಗೆ ನೇತಾಡುತ್ತಿತ್ತು. ಸ್ವಲ್ಪ ಬಾಲದ ಕೂದಲಿಗೆ ಮೆತ್ತಿ ಒಣಗಿತ್ತು. ಅಲ್ಲೇ ನಿಂತು ಅತ್ತೆಯನ್ನು ಕರೆದೆ. ಅಷ್ಟು ಖುಷಿ ಆಗಿತ್ತು ನನಗೆ.

ಯಾಕೆಂದರೆ ಈ ಲೋಳೆ ದನ ಬೆದೆಗೆ, ಅಂದರೆ ಗಬ್ಬ ನಿಲ್ಲುವ ಸಮಯಕ್ಕೆ, ಬಂದ ಲಕ್ಷಣ. ಇದಕ್ಕಿಂತ ಮೊದಲು ಎರಡು ಸಲ ಅದು ನಮಗೆ ತಪ್ಪಿಹೋಗಿತ್ತು.

ನಮ್ಮದು ಪೆರ್ಲದ ಹತ್ತಿರ, ಅಡಿಕೆ ತೋಟದ ನಡುವೆ ಮನೆ. ಹಟ್ಟಿಯಲ್ಲಿ ಮೂರು ದನ. ಗೌರಿ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಕ್ರಾಸ್, ಕಪಿಲೆ ಜೆರ್ಸಿ ಕ್ರಾಸ್, ಪುಟ್ಟಿ ಊರ ದನ, ನಮ್ಮ ಕಾಸರಗೋಡಿನ ಗಿಡ್ಡ ಜಾತಿ. ಪುಟ್ಟಿಯದ್ದು ಕಷ್ಟವೇ ಇಲ್ಲ. ಗುಡ್ಡೆಗೆ ಮೇಯಲು ಬಿಡುವ ದನ, ಬೆದೆಗೆ ಬಂದರೆ ಕೂಗಿ ಕೂಗಿ ಆಚೆ ಮನೆಯವರಿಗೂ ಗೊತ್ತಾಗುತ್ತದೆ. ಕಷ್ಟ ಇರುವುದು ಇಪ್ಪತ್ನಾಲ್ಕು ಗಂಟೆಯೂ ಕಟ್ಟಿ ಹಾಕಿದ ಕ್ರಾಸ್ ದನಗಳದ್ದು. ಹಗ್ಗ ಗಿಡ್ಡ, ನೆಲ ಜಾರುವ ಸಿಮೆಂಟು. ಬೆದೆಗೆ ಬಂದರೂ ಅದು ಇನ್ನೊಂದು ದನದ ಮೇಲೆ ಹತ್ತಿ ತೋರಿಸುವುದಾದರೂ ಹೇಗೆ? ಎಷ್ಟೋ ಸಲ ಕೂಗುವುದೂ ಇಲ್ಲ.

ಗೌರಿ ಕರು ಹಾಕಿದ್ದು ದೀಪಾವಳಿ ಸಮಯಕ್ಕೆ. ಜನವರಿ 8ರಂದು ಹಾಲು ಒಂದೂವರೆ ಲೀಟರ್ ಕಡಿಮೆ ಕೊಟ್ಟಿತು, ಹಿಂಡಿ ಮುಟ್ಟಲಿಲ್ಲ, ಅಕ್ಕಚ್ಚು (ಅಕ್ಕಿ ತೊಳೆದ ನೀರು) ಇಟ್ಟರೂ ಮೂಸಿ ಬಿಟ್ಟಿತು. ಹೊಟ್ಟೆ ಸರಿ ಇಲ್ಲ ಅಂದುಕೊಂಡು ಶುಂಠಿ, ಓಮ ಹಾಕಿ ಕಷಾಯ ಮಾಡಿ ಕುಡಿಸಿದೆ. ಮರುದಿನ ಸರಿಯಾಯಿತು. ಕಷಾಯದಿಂದಲೇ ಅಂತ ನನ್ನ ಲೆಕ್ಕ. ಎರಡು ದಿನ ಬಿಟ್ಟು ಬಾಲದಲ್ಲಿ ಸಣ್ಣ ರಕ್ತದ ಗೆರೆ ಕಂಡು ಹೆದರಿ ಅತ್ತೆಗೆ ತೋರಿಸಿದರೆ, "ಹೆದರಬೇಡ ಮಗಳೇ, ಮೊನ್ನೆ ಬೆದೆಗೆ ಬಂದು ಹೋಗಿದೆ, ಅದರದ್ದೇ ಇದು" ಅಂದರು. ಬೆದೆ ಮುಗಿದು ಎರಡು ಮೂರು ದಿನಕ್ಕೆ ಹೀಗೆ ರಕ್ತ ಕಾಣುವುದುಂಟು. ಆಗ ಇಂಜೆಕ್ಷನ್ (ಗಬ್ಬ ನಿಲ್ಲಲು ವೀರ್ಯ ಹಾಕಿಸುವುದು) ಕೊಡಿಸಿ ಪ್ರಯೋಜನ ಇಲ್ಲ. ಆದರೆ ತಾರೀಕು ಬರೆದಿಟ್ಟರೆ ಮುಂದಿನದ್ದು ಯಾವಾಗ ಅಂತ ಗೊತ್ತಾಗುತ್ತದೆ. ಸಾಮಾನ್ಯವಾಗಿ 21 ದಿನಕ್ಕೊಮ್ಮೆ, ಕೆಲವಕ್ಕೆ 18, ಕೆಲವಕ್ಕೆ 24.

ಜನವರಿ 29ಕ್ಕೆ ಕಾದೆ. ಆಚೀಚೆ ದಿನವೂ ಹಗಲಿಡೀ ಹತ್ತು ಸಲ ನೋಡಿದೆ, ಏನೂ ಕಾಣಲಿಲ್ಲ. ರಾತ್ರಿ ಬಂದು ಹೋಗಿತ್ತು ಅಂತ ಈಗ ಅನಿಸುತ್ತದೆ. ಬೆದೆ ಇರುವುದೇ 12ರಿಂದ 18 ಗಂಟೆ, ಕೆಲವು ದನಕ್ಕೆ ಅದಕ್ಕಿಂತಲೂ ಕಡಿಮೆ, ಅದರಲ್ಲೂ ಜಾಸ್ತಿ ಕಾಣುವುದು ರಾತ್ರಿ ಮತ್ತು ನಸುಕಿನಲ್ಲಿ, ಈ ಸೆಕೆಗಾಲದಲ್ಲಂತೂ ಹಗಲು ದನ ಸುಮ್ನೆ ಬಾಡಿ ನಿಂತಿರುತ್ತದೆ. ನಾವೋ, ಸಂಜೆ ಹಾಲು ಕರೆದು ಲೈಟ್ ಆರಿಸಿ ಬಂದರೆ ಮತ್ತೆ ಬೆಳಗ್ಗೆಯೇ ಅತ್ತ ಹೋಗುವುದು, ಅಲ್ವಾ?

ಹಾಗಾಗಿ ಈ ಸಲ ಫೆಬ್ರವರಿ 16ರಿಂದ ದಿನಾ ರಾತ್ರಿ ಊಟ ಆದ ಮೇಲೆ ಹಟ್ಟಿಯ ಬಾಗಿಲಲ್ಲಿ ಹತ್ತು ನಿಮಿಷ ಕೂತೆ. 18ರ ರಾತ್ರಿ ಕಪಿಲೆ, ಪುಟ್ಟಿ ಇಬ್ಬರೂ ಮಲಗಿ ಮೆಲುಕು ಹಾಕುತ್ತಿದ್ದರು. ಗೌರಿ ಮಾತ್ರ ಎದ್ದು ನಿಂತಿತ್ತು. ಕಿವಿ ನಿಗುರಿಸಿ ಅತ್ತಿತ್ತ ತಿರುಗುತ್ತಿತ್ತು, ಎರಡು ಮೂರು ಸಲ ಸ್ವಲ್ಪ ಸ್ವಲ್ಪವೇ ಮೂತ್ರ ಮಾಡಿತು. ಬೆಳಗ್ಗೆ ಲೋಳೆ. ಆರು ಗಂಟೆಗೆ ಅದನ್ನೂ ಕಪಿಲೆಯನ್ನೂ ಅಂಗಳಕ್ಕೆ ಬಿಟ್ಟೆವು. ಕಪಿಲೆ ತನ್ನ ಮೇಲೆ ಹತ್ತಿದರೂ ಗೌರಿ ತಪ್ಪಿಸಿಕೊಳ್ಳದೆ ಕಾಲು ಊರಿ ಹಾಗೇ ನಿಂತಿತು. ಇದಕ್ಕಿಂತ ಗಟ್ಟಿ ಲಕ್ಷಣ ಇನ್ನೊಂದಿಲ್ಲ. ಹತ್ತಿದ ದನ ಬೆದೆಯಲ್ಲಿ ಇರಬಹುದು, ಇಲ್ಲದೆಯೂ ಇರಬಹುದು. ಅಲುಗದೆ ನಿಂತದ್ದು ಬೆದೆಯಲ್ಲಿದೆ.

ಬೆಳಗ್ಗೆ ಹೀಗೆ ಕಂಡರೆ ಅದೇ ಸಂಜೆ, ಸಂಜೆ ಕಂಡರೆ ಮರುದಿನ ಬೆಳಗ್ಗೆ ಇಂಜೆಕ್ಷನ್ ಕೊಡಿಸುವುದು. ಬೆದೆ ಮುಗಿದು ಸುಮಾರು 10–12 ಗಂಟೆ ಆದ ಮೇಲೆ ಅಂಡ ಬಿಡುಗಡೆಯಾಗುತ್ತದೆ, ಅದರ ಆಯುಷ್ಯ ಕೆಲವೇ ಗಂಟೆ, ಅಷ್ಟರೊಳಗೆ ವೀರ್ಯ ಒಳಗೆ ತಯಾರಿರಬೇಕು. ಮೃಗಾಸ್ಪತ್ರೆಗೆ ಫೋನ್ ಮಾಡುವಾಗ ಸುಮ್ನೆ "ದನ ಹೀಟಿಗೆ ಬಂದಿದೆ" ಅಂದರೆ ಸಾಲದು. (ಮಲಯಾಳದ ಡಾಕ್ಟರ್ ಆದರೆ "ಮದಿ" ಅನ್ನಿ, ತಕ್ಷಣ ಅರ್ಥ ಆಗುತ್ತದೆ.) ಮೊದಲು ಕಂಡದ್ದು ಎಷ್ಟು ಗಂಟೆಗೆ, ಹಿಂದಿನ ಸಲದ ತಾರೀಕು, ಕರು ಹಾಕಿ ಎಷ್ಟು ದಿನ, ಲೋಳೆಯ ಬಣ್ಣ, ಎಲ್ಲ ಹೇಳಿ. ಲೋಳೆ ಬೆಳ್ಳಗೆ ಅಥವಾ ಹಳದಿಯಾಗಿ ಕೀವಿನ ಹಾಗಿದ್ದರೆ ಗರ್ಭಕೋಶದಲ್ಲಿ ಸೋಂಕು ಇರಬಹುದು, ಮೊದಲು ಅದಕ್ಕೆ ಮದ್ದು ಆಗಬೇಕು. ಹಿಂದೊಮ್ಮೆ ಇಂಜೆಕ್ಷನ್ ಕೊಡಿಸಿದ ದನವಾದರೆ ಅದನ್ನೂ ಹೇಳಲೇಬೇಕು, ಗಬ್ಬ ಇರುವ ದನವೂ ಕೆಲವೊಮ್ಮೆ ಬೆದೆಯ ಹಾಗೆ ಆಡುತ್ತದೆ.

ಒಂದು ಬೆದೆ ತಪ್ಪಿದರೆ ಏನಾಯಿತು ಅನ್ನುವವರಿದ್ದಾರೆ. ದನ ಗಬ್ಬ ಇರುವುದು ಸುಮಾರು 280 ದಿನ. ವರ್ಷಕ್ಕೊಂದು ಕರು ಬೇಕಾದರೆ ಹೆತ್ತು 85 ದಿನದೊಳಗೆ ಗಬ್ಬ ನಿಲ್ಲಬೇಕು. ಹೆತ್ತ ಮೇಲೆ ಮೊದಲ ಎರಡು ತಿಂಗಳು ಹೇಗೂ ಬಿಡುತ್ತೇವೆ. ಉಳಿಯುವುದು ಒಂದೇ ಬೆದೆ, ಹೆಚ್ಚೆಂದರೆ ಎರಡು. ನಮ್ಮದು 42 ದಿನ ಹೋಯಿತು. ಅಷ್ಟು ದಿನದ ಹಿಂಡಿಯ ದುಡ್ಡು ಲೆಕ್ಕ ಹಾಕಿ ನೋಡಿ, ಹಾಲು ಬೇರೆ ದಿನಾ ಇಳಿಯುತ್ತಿರುತ್ತದೆ.

19ರ ಸಂಜೆ ನಾಲ್ಕಕ್ಕೆ ಬಂದು ಇಂಜೆಕ್ಷನ್ ಕೊಟ್ಟು ಹೋದರು. ಕ್ಯಾಲೆಂಡರಿನಲ್ಲಿ ಮಾರ್ಚ್ 12ಕ್ಕೆ ಪೆನ್ಸಿಲಿನಲ್ಲಿ ಒಂದು ಸುತ್ತು ಹಾಕಿದ್ದೇನೆ. 9ರಿಂದ ಮತ್ತೆ ರಾತ್ರಿ ಟಾರ್ಚ್ ಹಿಡಿದು ಹೋಗುವುದು, ಗೌರಿ ಮಲಗಿ ಮೆಲುಕು ಹಾಕುತ್ತಿರಲಿ ಅಂತ ಬೇಡಿಕೊಂಡು.