ಎಣ್ಣೆ ಹಿಡಿಯುವ ಹತ್ತಿ ಚೀಲ: ಬಕೆಟ್‌ನಿಂದ ಗಟಾರಕ್ಕೆ

ಹತ್ತಿ ತುಂಬಿದ ಚೀಲದಿಂದ ನೀರಿನ ಮೇಲಿನ ಎಣ್ಣೆ ಹಿಡಿಯಲು ನೋಡುತ್ತಿದ್ದೇನೆ. ಹೋದ ಸಲ ಬರೆದಾಗ ಎಲ್ಲಾ ಪರೀಕ್ಷೆ ಬಕೆಟ್ ನೀರಲ್ಲೇ ನಡೀತಿತ್ತು. ಈಗ ಚೀಲ ಗಟಾರಕ್ಕೆ ಇಳಿದಿದೆ. ರಾಯಚೂರಿನ ನಮ್ಮ ಓಣಿಯ ತುದಿಗೆ ಟ್ರ್ಯಾಕ್ಟರ್ ರಿಪೇರಿ ಗ್ಯಾರೇಜ್ ಒಂದಿದೆ. ಅಲ್ಲಿನ ನೀರು ಸಣ್ಣ ಗಟಾರದಲ್ಲಿ ಹರಿದು ಹಳ್ಳ ಸೇರುತ್ತದೆ. ಮೇಲೆ ಯಾವಾಗಲೂ ಬಣ್ಣಬಣ್ಣದ ಎಣ್ಣೆ ಪೊರೆ. ಆ ಹಳ್ಳದಲ್ಲೇ ಎಮ್ಮೆಗಳು ನೀರು ಕುಡಿಯುತ್ತವೆ. ಎಣ್ಣೆಯನ್ನು ಗಟಾರದಲ್ಲೇ ಹಿಡಿಯಬೇಕು, ಅಷ್ಟೇ ನನ್ನ ಹಟ.

ಹೊಸದಾಗಿ ಓದುವವರಿಗೆ ಹತ್ತಿಯ ವಿಷಯ ಒಂಚೂರು ಹೇಳಿಬಿಡುತ್ತೇನೆ. ಮೆಡಿಕಲ್ ಶಾಪಿನ ಬಿಳಿ ಹತ್ತಿ ಈ ಕೆಲಸಕ್ಕೆ ಬರೋದಿಲ್ಲ. ಗಿಡದಿಂದ ಬಿಡಿಸಿದ ಹತ್ತಿಯ ಎಳೆ ಮೇಲೆ ತೆಳ್ಳಗೆ ಮೇಣ ಇರುತ್ತದೆ. ತೂಕದಲ್ಲಿ ನೂರಕ್ಕೆ ಒಂದು ಪಾಲು ಬಂದರೆ ಹೆಚ್ಚು. ಆದರೆ ನೀರನ್ನು ದೂರ ಇಟ್ಟು ಎಣ್ಣೆಯನ್ನು ಅಂಟಿಸಿಕೊಳ್ಳುವುದು ಅದೇ ಮೇಣ. ಮೆಡಿಕಲ್ ಹತ್ತಿಯನ್ನು ಕ್ಷಾರದಲ್ಲಿ ಕುದಿಸಿ ಅದನ್ನೆಲ್ಲ ತೆಗೆದಿರುತ್ತಾರೆ. ಹಾಗಾಗಿ ನೀರಿಗೆ ಹಾಕಿದ ಕೂಡಲೇ ಕುಡಿದು ಮುಳುಗುತ್ತದೆ. ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ನಿಂಗ್ ಮಿಲ್ಲಿನ ಅರಳೆಯನ್ನು ಅದರ ಪಕ್ಕದಲ್ಲೇ ಬಿಡಿ. ಬೆಳಿಗ್ಗೆ ಎದ್ದು ನೋಡಿದರೂ ತೇಲುತ್ತಲೇ ಇರುತ್ತದೆ.

ಅಮೆರಿಕದ ಟೆಕ್ಸಾಸ್ ಟೆಕ್ ವಿಶ್ವವಿದ್ಯಾಲಯದವರು 2013ರಲ್ಲಿ ಇದನ್ನು ಅಳೆದು ತೋರಿಸಿದ್ದಾರೆ. ಒಂದು ಕಿಲೋ ಕಚ್ಚಾ ಹತ್ತಿ 30 ಕಿಲೋಗಿಂತ ಜಾಸ್ತಿ ಕಚ್ಚಾ ತೈಲ ಹಿಡಿಯಿತಂತೆ. ಅದೂ ಸರಿಯಾಗಿ ಬಲಿಯದ, ಮೈಕ್ರೊನೇರ್ (ಎಳೆ ಎಷ್ಟು ದಪ್ಪ, ಎಷ್ಟು ಬಲಿತಿದೆ ಅನ್ನುವ ಅಳತೆ) ಕಡಿಮೆ ಇರುವ ಹತ್ತಿ. ಎಳೆ ತೆಳುವಾದಷ್ಟೂ ಅದೇ ತೂಕಕ್ಕೆ ಎಣ್ಣೆ ಅಂಟಲು ಜಾಗ ಜಾಸ್ತಿ. ನಮ್ಮ ಎಪಿಎಂಸಿಯಲ್ಲಿ ಇಂಥ ಹತ್ತಿಯನ್ನು ಕೇಳುವವರೇ ಕಡಿಮೆ. ಕೊನೆಗೆ ಬಿಡಿಸಿದ ಕಸರು ಹತ್ತಿ ತಂದ ರೈತ ಬಂದಷ್ಟಕ್ಕೆ ಕೊಟ್ಟು ಹೋಗುವುದನ್ನು ನೋಡುತ್ತಲೇ ಬೆಳೆದವನು ನಾನು. ಈ ಕೆಲಸದ ಮೇಲೆ ನನಗಿರುವ ಆಸೆಗೆ ಅದೂ ಒಂದು ಕಾರಣ.

ಈಗ ಗಟಾರದ ಸುದ್ದಿ. ಮೊದಲ ಚೀಲ ದಿಂಬಿನ ಹಾಗೆ ದಪ್ಪಗಿತ್ತು. ಹಳೆ ಸೊಳ್ಳೆಪರದೆ ಬಟ್ಟೆಯಲ್ಲಿ ಅರಳೆ ತುಂಬಿ, ಗಟಾರಕ್ಕೆ ಅಡ್ಡಲಾಗಿ ಹಗ್ಗದಲ್ಲಿ ಕಟ್ಟಿದ್ದೆ. ಹೊರಗಿನಿಂದ ಪೂರ್ತಿ ಕಪ್ಪಾದ ಮೇಲೆ ಬಿಚ್ಚಿ ಕತ್ತರಿಸಿದೆ. ನೀರು ಬರುವ ಬದಿಯಲ್ಲಿ ಎರಡು ಬೆರಳು ದಪ್ಪದಷ್ಟು ಮಾತ್ರ ಕಪ್ಪು, ಜಿಗುಟು. ಅದರ ಹಿಂದೆ ಕಂದು ಗೆರೆ. ಇನ್ನೂ ಒಳಗೆ ಹತ್ತಿ ಹೊಸದರ ಹಾಗೆ ಬೆಳ್ಳಗಿತ್ತು, ಮುಟ್ಟಿದರೆ ಒಣ! ನೀರೂ ಹೋಗಿಲ್ಲ, ಎಣ್ಣೆಯೂ ಹೋಗಿಲ್ಲ. ಹಾಗಾಗಿ ಈಗ ತೆಳ್ಳನೆಯ ಚಪ್ಪಟೆ ಚೀಲಗಳನ್ನು ಒಂದರ ಹಿಂದೆ ಒಂದು ಕಟ್ಟುತ್ತಿದ್ದೇನೆ. ಅಷ್ಟೇ ಹತ್ತಿಯಲ್ಲಿ ಕೆಲಸ ಎಷ್ಟೋ ಜಾಸ್ತಿ ಆಗುತ್ತಿದೆ. ಅರಳೆಯನ್ನು ಒತ್ತಿ ತುಂಬಬಾರದು. ಎಳೆಗಳ ನಡುವಿನ ಸಂದಿಯಲ್ಲೇ ಎಣ್ಣೆ ನಿಲ್ಲಬೇಕು ಅಲ್ವಾ?

ಎಕ್ಕದ ಅರಳೆಯನ್ನೂ ಬೆರೆಸಿ ನೋಡಿದೆ. ಅದರ ಎಳೆ ಒಳಗೆ ಟೊಳ್ಳು, ಹೊರಗೆ ಮೇಣ. ಬೂರುಗದ್ದೂ ಹೀಗೇ. ಹಿಂದೆ ಹಡಗಿನವರ ಲೈಫ್ ಜಾಕೆಟ್‌ಗೆ ತುಂಬುತ್ತಿದ್ದದ್ದು ಅಂಥದ್ದೇ ಬೂರುಗದ ಅರಳೆ. ಎಕ್ಕ ಎಣ್ಣೆಯನ್ನು ಚೆನ್ನಾಗಿ ಹಿಡಿಯುತ್ತದೆ. ಆದರೆ ನುಣುಪು ಜಾಸ್ತಿ, ಫ್ಯಾನ್ ಗಾಳಿಗೇ ಮನೆ ತುಂಬಾ ಹಾರುತ್ತದೆ. ಹತ್ತಿ ಜೊತೆ ಬೆರೆಸಿದರೆ ಚೀಲದಲ್ಲಿ ನಿಲ್ಲುತ್ತದೆ. ಒಣಗಿ ತಾನೇ ಬಿರಿದ ಕಾಯಿಯನ್ನೇ ಕೀಳಿ. ಹಸಿ ಕಾಯಿಯ ಹಾಲು ಕಣ್ಣಿಗೆ ಬಿದ್ದರೆ ದೊಡ್ಡ ಅಪಾಯ.

ಭತ್ತದ ಹೊಟ್ಟು ಸಿಂಧನೂರು ಕಡೆ ಬೇಕಾದಷ್ಟು ಸಿಗುತ್ತದೆ. ಆದರೆ ಹಾಗೇ ಹಾಕಿದರೆ ಹಿಡಿಯುವ ಎಣ್ಣೆ ಕಡಿಮೆ, ಬರುಬರುತ್ತಾ ನೀರೂ ಕುಡಿಯುತ್ತದೆ. ಸದ್ಯಕ್ಕೆ ಅದನ್ನು ಬಿಟ್ಟಿದ್ದೇನೆ.

ದೊಡ್ಡ ತೊಡಕು ಸೋಪಿನದು. ಪಾರ್ಟ್‌ಗಳನ್ನು ಸೋಪ್ ಪುಡಿ ಹಾಕಿ ತೊಳೆದ ದಿನ ಎಣ್ಣೆ ಸಣ್ಣ ಸಣ್ಣ ಹನಿಯಾಗಿ ನೀರಲ್ಲಿ ಬೆರೆತು, ಚೀಲ ದಾಟಿ ಹೋಗಿಬಿಡುತ್ತದೆ. ಅರಳೆಯೂ ನೆನೆದು ಭಾರವಾಗುತ್ತದೆ. ಗ್ಯಾರೇಜ್ ಹುಡುಗರ ಹತ್ತಿರ ಮಾತಾಡಿದ್ದೇನೆ. ಮೊದಲು ಒಣ ಹತ್ತಿಯಲ್ಲಿ ಒರೆಸಿ, ಆಮೇಲೆ ತೊಳೆಯುತ್ತಿದ್ದಾರೆ. ಅವರು ಒಪ್ಪಿದ್ದು ನನಗೆ ತುಂಬಾ ಖುಷಿ ಕೊಟ್ಟಿತು.

ಹಿಂಡಿದ ಎಣ್ಣೆ ಗ್ಯಾರೇಜಿನವರ ಹಳೆ ಆಯಿಲ್ ಡ್ರಮ್ಮಿಗೆ ಹೋಗುತ್ತದೆ. ಅಲ್ಲಿಂದ ಮರುಬಳಕೆಯವರು ಒಯ್ಯುತ್ತಾರೆ. ಹಿಂಡಿದ ಅರಳೆ ಮತ್ತೆ ಕೆಲಸಕ್ಕೆ ಬರುತ್ತದೆ, ಆದರೆ ಗಂಟುಗಂಟಾಗಿ ಮೊದಲಿನಷ್ಟು ಹಿಡಿಯೋದಿಲ್ಲ. ಪೂರ್ತಿ ಸೋತ ಅರಳೆಯನ್ನು ಮುಚ್ಚಳ ಇರುವ ತಗಡಿನ ಡಬ್ಬದಲ್ಲಿ ಇಡುತ್ತಿದ್ದೇನೆ. ಸುಡು ಅಂತ ಸುಮಾರು ಜನ ಹೇಳಿದರು, ಸುಡೋದಿಲ್ಲ. ಹಳೆ ಎಂಜಿನ್ ಆಯಿಲ್ ಕಾನೂನಿನ ಪ್ರಕಾರವೇ ಅಪಾಯಕಾರಿ ತ್ಯಾಜ್ಯ, ಅದರ ಹೊಗೆ ಓಣಿಯ ಮಕ್ಕಳ ಎದೆಗೆ ಹೋಗಬಾರದು. ಹತ್ತಿಕಾಳಿನ ಎಣ್ಣೆ ಮೇಲೆ ಇದನ್ನು ಪರೀಕ್ಷೆ ಮಾಡುವವರು ಇನ್ನೂ ಹುಷಾರಾಗಿರಿ. ಅಂಥ ಎಣ್ಣೆ ಕುಡಿದ ಹತ್ತಿ ರಾಶಿ ಬಿದ್ದರೆ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ನಮ್ಮ ಬಿಸಿಲು ಗೊತ್ತಲ್ಲ.

ಮಳೆಗಾಲಕ್ಕೆ ಮೊದಲು ಚೀಲದ ಮುಂದೆ ಒಂದು ಹಲಗೆ ಹಾಕಬೇಕು. ನೀರು ಹಲಗೆ ಕೆಳಗಿಂದ ಹಾಯಬೇಕು, ಎಣ್ಣೆ ಅದರ ಹಿಂದೆ ನಿಲ್ಲಬೇಕು. ರಭಸ ಜಾಸ್ತಿ ಆದರೆ ಯಾವ ಹತ್ತಿಯೂ ತಡೆಯೋದಿಲ್ಲ. ಮಾನ್ವಿ, ಸಿಂಧನೂರು ಕಡೆ ಜಿನ್ನಿಂಗ್ ಮಿಲ್ ಪರಿಚಯ ಇದ್ದವರು ನೆಲ ಗುಡಿಸಿದ ಅರಳೆ ಸಿಗುತ್ತದಾ ಕೇಳಿ ತಿಳಿಸಿ. ಸಾಗಿಸುವ ಖರ್ಚು ನಾನೇ ಕೊಡುತ್ತೇನೆ.