ಕೈಟೋಸಾನ್–ಆಲ್ಜಿನೇಟ್ ಸಂಕೀರ್ಣಗಳ ತಯಾರಿಕೆ ಮತ್ತು ಪರೀಕ್ಷೆ

ಸಿಗಡಿ, ಏಡಿಗಳ ಚಿಪ್ಪಿನಿಂದ ಪಡೆಯುವ ಕೈಟೋಸಾನ್ ಧನ ಆವೇಶದ ಪಾಲಿಮರ್, ಅಂದರೆ ಉದ್ದ ಸರಪಳಿಯಂಥ ಅಣು. ಕಂದು ಕಡಲಪಾಚಿಯಿಂದ ಬರುವ ಆಲ್ಜಿನೇಟ್ ಋಣ ಆವೇಶದ್ದು. ಇವೆರಡರ ತೆಳು ದ್ರಾವಣಗಳನ್ನು ಬೆರೆಸಿದೊಡನೆ ತಿಳಿಯಾಗಿದ್ದ ದ್ರವ ಹಾಲಿನಂತೆ ಬೆಳ್ಳಗಾಗುವುದು ನನಗೆ ಇಂದಿಗೂ ಬೆರಗಿನ ನೋಟ. ಎರಡೂ ಕೂಡಿ ಸಂಕೀರ್ಣದ ಸಣ್ಣ ಕಣಗಳಾಗುವುದರಿಂದ ಹೀಗಾಗುತ್ತದೆ. ವಿರುದ್ಧ ಆವೇಶಗಳ ಆಕರ್ಷಣೆಯೊಂದೇ ಈ ಕೂಡಿಕೆಗೆ ಕಾರಣವಲ್ಲ. ಸರಪಳಿಗಳಿಗೆ ಅಂಟಿಕೊಂಡಿದ್ದ ಸಣ್ಣ ಅಯಾನುಗಳು ಬಿಡುಗಡೆಯಾಗಿ ದ್ರಾವಣದಲ್ಲಿ ಹರಡಿಕೊಳ್ಳುವುದರಿಂದ ಹೆಚ್ಚುವ ಎಂಟ್ರೊಪಿ (ಚದುರುವಿಕೆಯ ಅಳತೆ) ಇದಕ್ಕೆ ದೊಡ್ಡ ಪ್ರೇರಣೆ. ಉಪ್ಪು ಹೆಚ್ಚಾದಂತೆ ಸಂಕೀರ್ಣವು ಸಡಿಲಗೊಳ್ಳುವುದಕ್ಕೂ ಇದೇ ಮುಖ್ಯ ಕಾರಣ: ದ್ರಾವಣದಲ್ಲಿ ಆಗಲೇ ಅಯಾನುಗಳು ತುಂಬಿದ್ದರೆ ಬಿಡುಗಡೆಯಿಂದ ಸಿಗುವ ಈ ಲಾಭ ಕುಗ್ಗುತ್ತದೆ.

ತಯಾರಿಕೆಯಲ್ಲಿ ಪಿಎಚ್ ನಿರ್ಣಾಯಕ. ಗುಂಪುಗಳಲ್ಲಿ ಅರ್ಧದಷ್ಟು ಆವೇಶ ಹೊತ್ತಿರುವ ಪಿಎಚ್ ಅನ್ನು ಪಿಕೆಎ ಎನ್ನುತ್ತಾರೆ. ಅಮೈನ್ ಗುಂಪುಗಳು ಅದಕ್ಕಿಂತ ಕೆಳಗೆ, ಕಾರ್ಬಾಕ್ಸಿಲ್ ಗುಂಪುಗಳು ಅದಕ್ಕಿಂತ ಮೇಲೆ ಹೆಚ್ಚು ಆವೇಶ ಹೊರುತ್ತವೆ. ಕೈಟೋಸಾನ್‌ನ ಅಮೈನ್ ಗುಂಪುಗಳ ಪಿಕೆಎ ಸುಮಾರು 6.5, ಆಲ್ಜಿನೇಟ್‌ನ ಕಾರ್ಬಾಕ್ಸಿಲ್ ಗುಂಪುಗಳದು ಸುಮಾರು 3.5 ಆಗಿರುವುದರಿಂದ, ಎರಡೂ ಬಹುಮಟ್ಟಿಗೆ ಆವೇಶ ಹೊತ್ತಿರುವ 5ರ ಆಸುಪಾಸಿನಲ್ಲಿ ಕೆಲಸ ಮಾಡುವುದು ಸೂಕ್ತ. ಶೇ. 1ರ ಅಸಿಟಿಕ್ ಆಮ್ಲದಲ್ಲಿ ಕೈಟೋಸಾನನ್ನು ಕರಗಿಸಿ, ಸೋಸಿ, ಪಿಎಚ್ ಸರಿಪಡಿಸಿ, ಅದನ್ನು ಕಲಕುತ್ತಲೇ ಆಲ್ಜಿನೇಟ್ ದ್ರಾವಣವನ್ನು ಹನಿಹನಿಯಾಗಿ ಸೇರಿಸಬೇಕು. ಬೆರೆಸುವ ಕ್ರಮ ಮತ್ತು ವೇಗ ಬದಲಾದರೆ ಕಣಗಳ ಗಾತ್ರವೂ ಬದಲಾಗುತ್ತದೆ.

ಪರೀಕ್ಷೆಗಳಲ್ಲಿ ನಾನು ಹೆಚ್ಚು ನೆಚ್ಚುವುದು ಕಣಗಳ ಮೇಲ್ಮೈ ಆವೇಶವನ್ನು ಸೂಚಿಸುವ ಜೀಟಾ ವಿಭವವನ್ನು. ಧನ, ಋಣ ಗುಂಪುಗಳ ಅನುಪಾತ ಸಮವಾಗುವ ಬಳಿ ಅದು ಸೊನ್ನೆಗೆ ಇಳಿಯುತ್ತದೆ, ಪರಸ್ಪರ ವಿಕರ್ಷಣೆ ಕಳೆದುಕೊಂಡ ಕಣಗಳು ಗುಂಪುಗೂಡಿ ತಳ ಸೇರುತ್ತವೆ. ಆದ್ದರಿಂದ ಸ್ಥಿರವಾದ ನ್ಯಾನೊಕಣಗಳು ಬೇಕಿದ್ದರೆ ಒಂದು ಪಾಲಿಮರನ್ನು ಉದ್ದೇಶಪೂರ್ವಕವಾಗಿ ಹೆಚ್ಚಾಗಿಯೇ ಇಡಬೇಕು.