ಮೆಟ್ಟಿಲಾಗಿದ್ದ ಲೈಫ್‌ರಾಫ್ಟ್

ನಮ್ಮ ಹಾಯಿದೋಣಿಯ ಆಳವಾದ ಲಾಕರ್‌ನಲ್ಲಿ ಮೂರು ವರ್ಷದಿಂದ ಒಂದು ಭಾರದ ಚೀಲ ಬಿದ್ದಿತ್ತು. ಒಳಗಿದ್ದದ್ದು ನಾಲ್ಕು ಜನರ ಲೈಫ್‌ರಾಫ್ಟ್, ಅಂದರೆ ದೋಣಿ ಮುಳುಗಿದರೆ ಹತ್ತಿಕೊಳ್ಳುವ, ಉಬ್ಬಿಸುವ ತೆಪ್ಪ. ಅದರ ಮೇಲೆ ಒದ್ದೆ ಹಗ್ಗ, ಲಂಗರಿನ ಸರಪಳಿ. ಲಾಕರ್‌ಗೆ ಇಳಿಯುವಾಗ ಅದೇ ನನಗೆ ಮೆಟ್ಟಿಲು. ಸರ್ವಿಸ್ ಗಡುವು ಮುಗಿದದ್ದು ಚೀಟಿಯಲ್ಲಿ ಕಂಡಿತು. ಸರ್ವಿಸ್ ಮಾಡುವಲ್ಲಿಗೆ ಹೊತ್ತುಕೊಂಡು ಹೋದೆ.

"ಬಿಚ್ಚುವಾಗ ನಾನೂ ನೋಡಬಹುದಾ?" ಅಂದೆ.

"ನೋಡಲೇಬೇಕು. ಶೂ ಬಿಚ್ಚಿ, ಜೇಬಲ್ಲಿರೋ ಕೀ ತೆಗೆದಿಡಿ" ಅಂದರು ಮೆಕ್ಯಾನಿಕ್.

ಹಗ್ಗ ಎಳೆದರೆ ಢಬ್ ಅಂತ ಉಬ್ಬುತ್ತದೆ, ಅದನ್ನು ನೋಡಬೇಕು ಅಂತ ನನಗೆ ಆಸೆ. ಅವರು ಮೊದಲು ಸಿಲಿಂಡರ್ ಅನ್ನೇ ಕಳಚಿಟ್ಟರು! ಒಳಗಿನ ಕಾರ್ಬನ್ ಡೈಆಕ್ಸೈಡ್ ನುಗ್ಗುವಾಗ ಕೊರೆಯುವಷ್ಟು ತಣ್ಣಗಿರುತ್ತದಂತೆ. ಪ್ರತಿ ಸಲ ಹಾಗೆ ಮಾಡಿದರೆ ಬಟ್ಟೆಗೂ ಹೊಲಿಗೆಗೂ ಪೆಟ್ಟು. ಹಾಗಾಗಿ ಕಂಪ್ರೆಸರ್‌ನಿಂದ ಮೆಲ್ಲಗೆ ಗಾಳಿ ತುಂಬಿದರು. ಸಿಲಿಂಡರ್ ತಕ್ಕಡಿಗೆ ಹೋಯಿತು. ಒಳಗೆ ಗ್ಯಾಸ್ ದ್ರವವಾಗಿ ಇರುವುದರಿಂದ, ಅರ್ಧ ಸೋರಿಹೋದರೂ ಒತ್ತಡದ ಮುಳ್ಳು ಅಲ್ಲೇ ನಿಂತಿರುತ್ತದೆ. ಸಿಲಿಂಡರ್ ಮೈಮೇಲೆ ಕೆತ್ತಿದ ತೂಕಕ್ಕೆ ಹೋಲಿಸಿ ನೋಡುವುದೊಂದೇ ದಾರಿ. ನಮ್ಮದು ಸರಿಯಾಗಿತ್ತು. ಸಮಾಧಾನ ಆಗಿದ್ದು ಅಲ್ಲಿಗೇ ಮುಗಿಯಿತು.

ತೆಪ್ಪ ಬಿಚ್ಚಿಕೊಳ್ಳುತ್ತಿದ್ದಂತೆ ಬೂಷ್ಟಿನ ವಾಸನೆ. ಗಾಳಿ ತೆಗೆದು ಸೀಲ್ ಮಾಡಿದ್ದ ಒಳಚೀಲದಲ್ಲಿ ಒಂದು ಸಣ್ಣ ತೂತು ಬಿದ್ದು, ಉಪ್ಪುನೀರು ಇಳಿದಿತ್ತು. ಟಾರ್ಚ್‌ನ ಬ್ಯಾಟರಿ ಹಸಿರು ಕಾರಿತ್ತು. ಸಹಾಯ ಬೇಕೆಂದು ತೋರಿಸಲು ಕೈಯಲ್ಲಿ ಹಿಡಿದು ಉರಿಸುವ ಫ್ಲೇರ್‌ಗಳ ದಿನಾಂಕ ಮುಗಿದಿತ್ತು. ಅಂಚು ಸೇರುವ ಒಂದು ಕಡೆ ಸೋಪಿನ ನೀರು ಸವರಿದರೆ ಗುಳ್ಳೆ, ಸರಿಯಾಗಿ ಮಡಿಕೆ ಸವೆದ ಜಾಗದಲ್ಲಿ. ಸರಪಳಿ ಬಿದ್ದದ್ದು, ನಾನು ತುಳಿದದ್ದು ಅಲ್ಲೇ ಅಂತ ಬಾಯಿಬಿಟ್ಟು ಹೇಳಲಿಲ್ಲ. ಅವರಿಗೆ ಗೊತ್ತಾಗಿತ್ತು ಅನ್ಸುತ್ತೆ.

ಅಂಚಿನ ಟ್ಯೂಬ್ ಎರಡು. ಒಂದು ಹೋದರೂ ಇನ್ನೊಂದು ತೇಲಿಸುತ್ತದೆ, ಅದಕ್ಕೇ ಬೇರೆ ಬೇರೆ ಗೂಡು. ಕೆಳಗೆ ನೇತಾಡುವ ಚೀಲಗಳಲ್ಲಿ ನೀರು ತುಂಬಿದರೆ ಗಾಳಿಗೆ ತೆಪ್ಪ ಸುಲಭವಾಗಿ ಮಗುಚುವುದಿಲ್ಲ. ಒಳಗೆ ಹತ್ತಿ ಕೂತು ನೋಡಿದೆ. ನಾಲ್ಕು ಜನರ ತೆಪ್ಪ ಅಂದರೆ ಮೊಣಕಾಲಿಗೆ ಮೊಣಕಾಲು ತಾಗುವ ಜಾಗ, ಅಷ್ಟೇ. ತುದಿ ಮೊಂಡಾದ ಚಾಕು, ನೀರು ಎತ್ತಿಹಾಕುವ ಚೀಲ, ಸ್ಪಂಜು, ವಾಂತಿ ತಡೆಯುವ ಮಾತ್ರೆ. ಮಾತ್ರೆ ಯಾಕೆ ಅಂತ ಕೇಳುವ ಮೊದಲೇ ನನಗೆ ಹೊಟ್ಟೆ ತೊಳಸಿದಂತಾಯಿತು, ಅದೂ ಒಣ ನೆಲದ ಮೇಲೆ!

ಅವರು 1979ರ ಫಾಸ್ಟ್‌ನೆಟ್ ಅನ್ನುವ ಹಾಯಿದೋಣಿ ರೇಸ್ ಬಿರುಗಾಳಿಗೆ ಸಿಕ್ಕಿದ ವಿಷಯ ತೆಗೆದರು. ಆ ಬಿರುಗಾಳಿಯಲ್ಲಿ ಜನ ಬಿಟ್ಟುಹೋದ ದೋಣಿಗಳಲ್ಲಿ ಎಷ್ಟೋ ಆಮೇಲೆ ತೇಲುತ್ತಲೇ ಸಿಕ್ಕವು. ದೋಣಿ ನಿಜವಾಗಿ ಮುಳುಗುವವರೆಗೆ ಅದರಲ್ಲೇ ಇರಿ ಅನ್ನುವುದು ಅದಕ್ಕೇ.

ಆಮೇಲೆ ಮೆಲ್ಲಗೆ ಕೇಳಿದರು: "ಈ ಉದ್ದದ ಹಗ್ಗದ ತುದಿ ದೋಣಿಗೆ ಕಟ್ಟಿದ್ರಾ?"

ಕಟ್ಟಿರಲಿಲ್ಲ. ಮೂರು ವರ್ಷ! ಕಟ್ಟದೆ ಎಸೆದಿದ್ದರೆ ಗಾಳಿ ಹೊತ್ತುಕೊಂಡು ಹೋಗುತ್ತಿತ್ತು. ಎಸೆದ ಮೇಲೆ ಹಗ್ಗವನ್ನು ಪೂರ್ತಿ ಎಳೆದು, ಬಿಗಿಯಾದಾಗ ಒಮ್ಮೆ ಜಗ್ಗಬೇಕು. ಆಗಲೇ ಅದು ಉಬ್ಬುವುದು. ಉಬ್ಬಿದ ಮೇಲೆ ವಾಲ್ವ್ ಸ್ವಲ್ಪ ಹೊತ್ತು ಬುಸ್ ಅನ್ನುತ್ತದೆ. ಜಾಸ್ತಿಯಾದ ಗ್ಯಾಸ್ ಹೊರಗೆ ಹೋಗುವುದು, ಸೋರಿಕೆಯಲ್ಲ.

ತೇಪೆ ಹಾಕಿ, ಹೊಸ ಸಾಮಾನು ತುಂಬಿ ಕೊಟ್ಟರು. ವಾಪಸ್ ತಂದ ದಿನ ಮೊದಲು ಹಗ್ಗ ಕಟ್ಟಿದೆ. ತೆಪ್ಪ ಈಗ ಸುಲಭವಾಗಿ ಎಳೆದುಕೊಳ್ಳುವ ಒಣ ಜಾಗದಲ್ಲಿದೆ. ಲಾಕರ್‌ನಿಂದ ಹತ್ತಿ ಬರುವುದು ಮಾತ್ರ ಸ್ವಲ್ಪ ಕಷ್ಟ.